ನನ್ನ ಹೆಸರಿನ ಫ್ಯಾನು

ಗುಡಿಗೆ ದಾನ ಕೊಟ್ಟವನು ಹೆಸರು ಹೇಳಿಕೊಳ್ಳಬಾರದು ಎನ್ನುತ್ತಾರೆ ಹಿರಿಯರು. ಆ ಹಿರಿಯರ ಕಾಲದಲ್ಲಿ ಫ್ಯಾನು ಇರಲಿಲ್ಲ. ಮೂರು ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ತನ್ನ ಹೆಸರು, ಊರು, 'ಸೇವಾರ್ಥ' ಎಂದು ಬರೆಸುವ ಸುಖ ಅವರಿಗೆ ತಿಳಿದಿರಲಾರದು. ನಲ್ಲೂರು ದಾರಿಯ ನಮ್ಮ ಗುಡಿಯಲ್ಲಿ, ಗರ್ಭಗುಡಿಯ ಬಾಗಿಲ ಮುಂದೆಯೇ ತೂಗುವ ಫ್ಯಾನು ನನ್ನದು. ತಿರುಗಿದರೆ ಹೆಸರು ಕಾಣದು, ನಿಂತರೆ ಗಾಳಿ ಬಾರದು. ಪುಣ್ಯ ಮತ್ತು ಕೀರ್ತಿ ಒಟ್ಟಿಗೆ ಸಿಗುವುದಿಲ್ಲ ಎಂಬುದನ್ನು ನಾನು ಅರಿತದ್ದು ಹೀಗೆ.

ಗೆಳೆಯ ಹಾಲೇಶಪ್ಪನಿಗೆ ಚನ್ನಗಿರಿಯಲ್ಲಿ ಅಡಿಕೆ ಮಂಡಿ ಇದೆ, ಹಣೆ ತುಂಬ ವಿಭೂತಿ ಇದೆ, ಪಿತ್ತಕೋಶದಲ್ಲಿ ಕಲ್ಲಿದೆ. ಕಲ್ಲಿನ ಮಾತನ್ನು ಭೂತಕಾಲದಲ್ಲಿ ಹೇಳಬೇಕು. ಆಗಿನ್ನೂ ಇತ್ತು, ಮತ್ತು ಕೀವಾಗುವ ಮುಂಚೆ ಆಪರೇಷನ್ ಮಾಡಿಸದಿದ್ದರೆ ಜೀವಕ್ಕೇ ಅಪಾಯ ಎಂದು ದಾವಣಗೆರೆಯ ಡಾಕ್ಟರು ಹೇಳಿಬಿಟ್ಟಿದ್ದರು. ಆತ ಡಾಕ್ಟರ ಮಾತನ್ನು ನಮ್ಮ ಗುಡಿಯ ದೇವರ ಮುಂದಿಟ್ಟ. ನಮ್ಮ ಕಡೆ ದೇವರ ತಲೆಯ ಮೇಲೆ ಹೂವಿಟ್ಟು ಕೇಳುತ್ತೇವೆ. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ನಾನೂ ಜೊತೆಗಿದ್ದೆ. ಹೂವು ಎಡಕ್ಕೆ ಬಿತ್ತು. ಆಪರೇಷನ್ ರದ್ದಾಯಿತು.

ಸುದ್ದಿ ತಿಪ್ಪೇಸ್ವಾಮಿಗೆ ಮುಟ್ಟಿತು. ಜಗಳೂರಿನವನು, ತಾಲ್ಲೂಕು ಕಚೇರಿಯಿಂದ ನಿವೃತ್ತನಾಗಿ ಇಲ್ಲೇ ನಿಂತವನು. ಬೌದ್ಧನಾಗಿ ವರ್ಷಗಳಾದರೂ ಹೆಸರು ಹಳೆಯದೇ. ಪಿಂಚಣಿ ಕಾಗದದಲ್ಲಿ ಹೆಸರು ತಿದ್ದಿಸಲು ಒಂದು ಜನ್ಮ ಸಾಲದು ಎನ್ನುತ್ತಾನೆ. ಸಂಜೆ ಮಂಡಿಗೆ ಬಂದು ಹಾಲೇಶಪ್ಪನ ಎದುರು ಅಡಿಕೆ ಚೀಲದ ಮೇಲೆ ಕೂತ. ನಾನು ಮಧ್ಯಸ್ಥ, ಅಂದರೆ ಇಬ್ಬರಿಗೂ ತಲೆಯಾಡಿಸುವವನು.

"ನನ್ನ ಕರ್ಮ, ನಾನು ಅನುಭವಿಸ್ಬೇಕು," ಎಂದ ಹಾಲೇಶಪ್ಪ, ಪಕ್ಕೆ ಒತ್ತಿ ಹಿಡಿದು. "ಶಿವ ಪರೀಕ್ಷೆ ಮಾಡ್ತಾನೆ."

"ದುಃಖ ಐತೆ, ದುಃಖಕ್ಕೆ ಕಾರಣ ಐತೆ, ಕಾರಣ ತೆಗೆದ್ರೆ ದುಃಖ ಹೋಗ್ತದೆ. ನಮ್ಮ ಬುದ್ಧ ಹೇಳಿದ್ದು ಇಷ್ಟೆ," ಎಂದ ತಿಪ್ಪೇಸ್ವಾಮಿ. "ನಿನ್ನ ಕಾರಣ ಸ್ಕ್ಯಾನಿಂಗ್‌ನಾಗೇ ಕಾಣ್ತೈತಲ್ಲ ಹಾಲೇಶಣ್ಣ."

"ದೇವರು ಬ್ಯಾಡ ಅಂದಾನೆ."

"ಹೂವು ಅಂದಿದ್ದು."

"ನಂಬಿಕೆ ಇಲ್ದೋರಿಗೆ ಹೂವು ಬರೀ ಹೂವೇ. ಬಿಟ್ಟು ಹೋದೋನಿಗೆ ನಮ್ಮ ದೇವರ ಉಸಾಬರಿ ಯಾಕೆ?"

ತಿಪ್ಪೇಸ್ವಾಮಿ ಟೀ ಲೋಟ ಕೆಳಗಿಟ್ಟ. "ನಮ್ಮ ಗೌರಮ್ಮನ್ನ ಆಸ್ಪತ್ರೆಗೆ ಸೇರಿಸ್ದಾಗ, ಉಳೀತಾಳಾ ಅಂತ ನಾನೂ ಕೇಳಿದ್ದೆ. ಅದೇ ಗುಡೀಲಿ. ನೀನೇ ಕರ್ಕಂಡು ಹೋಗಿದ್ದೆ. ಬಲಕ್ಕೆ ಬಿತ್ತು."

ಗೌರಮ್ಮ ಅವನ ಹೆಂಡತಿ. ಆಸ್ಪತ್ರೆಯಿಂದ ಆಕೆ ಜೀವಂತ ಮರಳಲಿಲ್ಲ. ತಲೆಯಾಡಿಸುವ ನನ್ನ ಕಸುಬು ನಿಂತುಹೋಯಿತು.

"ಆಕೀನ ಕಳ್ಕಂಡೆ. ನಿನ್ನೂ ಹೂವಿನ ಕೈಗೆ ಕೊಡಾಕೆ ಆಗಲ್ಲ ನನಗೆ," ಎಂದವನು ಥಟ್ಟನೆ ನನ್ನತ್ತ ತಿರುಗಿದ. "ಮೇಷ್ಟ್ರೇ, ಹೂವು ಕೇಳುವಾಗ ಫ್ಯಾನು ತಿರುಗ್ತಿತ್ತಾ?"

"ಸೆಖೆ ಇತ್ತು," ಎಂದೆ. ಸ್ವಿಚ್ ಹಾಕಿದವನು ನಾನೇ. ಗಾಳಿ ಹೆಂಗೈತೆ ಎಂದು ಕೇಳಿ, ಹೊಗಳಿಸಿಕೊಂಡೂ ಇದ್ದೆ. ಹಾಲೇಶಪ್ಪ ನನ್ನನ್ನು, ತೂಕದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದವನನ್ನು ಮಂಡಿಯವರು ನೋಡುವ ಹಾಗೆ ನೋಡಿದ.

ಮರುದಿನ ಬೆಳಿಗ್ಗೆ ಫ್ಯಾನು ಆರಿಸಿ ಮತ್ತೆ ಹೂವಿಟ್ಟರು. ಈ ಸಲ ಅದು ಅಲುಗಲೇ ಇಲ್ಲ. ಪೂಜಾರಿ ಮಂಗಳಾರತಿ ಎತ್ತಿದ, ಗಂಟೆ ಬಾರಿಸಿದ, ಬೆವರಿದ. ಚಪ್ಪಲಿ ಬಿಡುವ ಜಾಗದಲ್ಲಿ ನಿಂತ ತಿಪ್ಪೇಸ್ವಾಮಿ, ಹೂವನ್ನು ನಂಬದವನು, ನಮ್ಮೆಲ್ಲರಿಗಿಂತ ಹೆಚ್ಚಾಗಿ ಕತ್ತು ಚಾಚಿ ಹೂವನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಹಾಲೇಶಪ್ಪ ನೋವಿಗೆ ಮುದುರಿ ಕಂಬಕ್ಕೆ ಒರಗಿದ. ತಿಪ್ಪೇಸ್ವಾಮಿ ಒಳಗೆ ಬಂದು ತೋಳು ಹಿಡಿದ.

"ನಿನ್ನ ದೇವರು ಮಾತಾಡ್ತಿಲ್ಲ. ಕೆಲವು ಪ್ರಶ್ನೆ ಕೇಳಿದ್ರೆ ನಮ್ಮ ಬುದ್ಧನೂ ಸುಮ್ನೇ ಇರ್ತಿದ್ದ. ಇಬ್ರೂ ನಿನಗೇ ಬಿಟ್ಟಾರೆ. ನಡಿ, ಗಾಡಿ ಹತ್ತು."

"ಅದೇ ಆಸ್ಪತ್ರೆ ಕಣೋ," ಎಂದ ಹಾಲೇಶಪ್ಪ ಮೆಲ್ಲಗೆ. "ಒಳಗೆ ಬರ್ತೀಯಾ ನೀನು?"

ಗೌರಮ್ಮ ಹೋದ ಮೇಲೆ ತಿಪ್ಪೇಸ್ವಾಮಿ ಆ ಬೀದಿಯನ್ನೇ ತುಳಿದವನಲ್ಲ. ಹಾಲೇಶಪ್ಪನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡ. "ಬರ್ತೀನಿ," ಎಂದ.

ಕಲ್ಲು ಹೊರಬಂತು. ದೇವರ ಮೌನವೇ ಅಪ್ಪಣೆ ಎನ್ನುತ್ತಾನೆ ಹಾಲೇಶಪ್ಪ. ಡಾಕ್ಟರ ಕೈಚಳಕ ಎನ್ನುತ್ತಾನೆ ತಿಪ್ಪೇಸ್ವಾಮಿ. ಮಂಡಿಯಲ್ಲಿ ಜಗಳ ನಡೆದೇ ಇದೆ, ನಾನು ಮತ್ತೆ ಇಬ್ಬರಿಗೂ ತಲೆಯಾಡಿಸುತ್ತಿದ್ದೇನೆ. ಗುಡಿಯಲ್ಲಿ ಮಾತ್ರ ಪೂಜಾರಿ ಸ್ವಿಚ್ಚಿನ ಪಕ್ಕ ಒಂದು ರಟ್ಟು ತೂಗುಹಾಕಿದ್ದಾನೆ: 'ಮೇಷ್ಟ್ರ ಫ್ಯಾನು ಹಾಕಬಾರದು.' ಈಗ ನನ್ನ ಹೆಸರು ದಿನವಿಡೀ ಸ್ಪಷ್ಟವಾಗಿ ಕಾಣುತ್ತದೆ.