ಕಾಕಾನ ಕೆರೆ

ನಮ್ಮೂರ ಕೆರೆಯಲ್ಲಿ ಇಂದಿನವರೆಗೆ ಯಾರೂ ಮುಳುಗಿಲ್ಲ, ಯಾರೂ ಅರಿವೆ ಒಗೆದಿಲ್ಲ, ಒಂದು ಎಮ್ಮೆ ಸಹ ಮೈ ತೊಯಿಸಿಕೊಂಡಿಲ್ಲ. ಅಷ್ಟು ಸ್ವಚ್ಛವಾದ ಕೆರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ತಿರುಗಿದರೂ ನಿಮಗೆ ಸಿಗಲಿಕ್ಕಿಲ್ಲ. ಹೇಗೆ ಸಿಕ್ಕೀತು? ಅದು ಇರುವುದು ನಮ್ಮ ಕಾಕಾನ ತಲೆಯಲ್ಲಿ!

ಕಾಕಾ ನಮ್ಮಪ್ಪನ ತಮ್ಮ. ಊರ ಹೊರಗೆ, ದನ ಮೇಯುವ ಗಾಯರಾಣದಲ್ಲಿ ಒಂದು ದೊಡ್ಡ ತಗ್ಗು ಇದೆ. ಅದನ್ನು ಅಗೆದು, ಕಾಲುವೆ ನೀರು ತಿರುಗಿಸಿದರೆ ಕೆರೆ. ಕೆರೆ ತುಂಬಿದರೆ ಊರ ಬಾವಿಗಳಿಗೆ ಒರತೆ. ಬೇಸಿಗೆ ಬಂದರೆ ತಳ ಕಾಣುವ ಬಾವಿಗೆ ಕೊಡ ಇಳಿಬಿಟ್ಟು, ಅದು ಕಲ್ಲಿಗೆ ತಾಗಿ ಠಣ್ ಎನ್ನುವುದನ್ನು ಕೇಳಿಕೊಂಡೇ ನಾನು ಡಿಗ್ರಿ ಓದಿದ್ದೇನೆ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನೇ. ಯಾರೂ ಕೇಳದಿದ್ದರೂ ಈ ಮಾತು ಹೇಳುತ್ತೇನೆ, ಅದು ಪುಕ್ಕಟೆ ಬಂದದ್ದಲ್ಲ. ನೀರಿನ ಬರ ಹೀಗಿದ್ದುದರಿಂದ ಕಾಕಾನ ವಿಚಾರದಲ್ಲಿ ತಪ್ಪೇನೂ ಇರಲಿಲ್ಲ. ಒಂದೇ ತೊಡಕು. ಬೇರೆಯವರು ಕೆರೆ ಆದ ಮೇಲೆ ಅದರ ದಂಡೆಯಲ್ಲಿ ಕೂಡುತ್ತಾರೆ, ಕಾಕಾ ಅದು ಆಗುವುದಕ್ಕೆ ಮೊದಲೇ ಕೂತುಬಿಟ್ಟಿದ್ದ!

ಮಧ್ಯಾಹ್ನ ಊಟವಾದೊಡನೆ ಬೇವಿನ ಗಿಡದ ಕೆಳಗೆ ಅರ್ಧ ಕಣ್ಣು ಮುಚ್ಚಿ ಮಲಗುತ್ತಿದ್ದ. ದೂರದ ಜೋಳದ ಹೊಲದ ಮೇಲೆ ಬಿಸಿಲು ತೆರೆತೆರೆಯಾಗಿ ಆಡುತ್ತಿತ್ತು. ಕಾಕಾನ ಕಣ್ಣಿಗೆ ಅದು ನೀರು. "ಇವತ್ತ ಗಾಳಿ ಬಾಳ ಐತಿ, ನೀರು ದಂಡಿಗೆ ಬಡ್ಯಾಕತ್ತೈತಿ" ಎಂದು ನಿಧಾನವಾಗಿ ಅನ್ನುತ್ತಿದ್ದ. ಪಕ್ಕದಲ್ಲಿ ಕೂತವರಿಗೂ ಒಂದು ಗಳಿಗೆ ಕಾಲು ತಣ್ಣಗಾದಂತೆ ಅನಿಸುತ್ತಿತ್ತು. ದೇವರಾಣೆ, ನನಗೂ ಅನಿಸಿದೆ.

ಕಾಕಿಗೆ ಮಾತ್ರ ಇದೆಲ್ಲ ನಾಟುತ್ತಿರಲಿಲ್ಲ. "ಹಂಗಾರ ನಿಮ್ಮ ಕೆರಿಯಿಂದ ಎರಡು ಕೊಡ ನೀರ ತಂದು ಹಾಕ್ರಿ ನೋಡೂಣು!"

"ತಡಿ, ಕೆಳಗ ರಾಡಿ ಐತಿ. ಸ್ವಲ್ಪ ತಿಳಿ ಆಗ್ಲಿ."

ಎಳ್ಳ ಅಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆ ಎಂದು ಚರಗ ಚೆಲ್ಲುತ್ತಾರಲ್ಲ, ಕಾಕಾ ತನ್ನ ಪಾಲಿನ ಕಡುಬು, ಭಜ್ಜಿ ಹಿಡಿದುಕೊಂಡು ತಗ್ಗಿನ ದಂಡೆಗೆ ಹೋಗಿ ಅದರೊಳಗೆ ಚೆಲ್ಲಿ ಬರುತ್ತಿದ್ದ. ಯಾಕೋ ಎಂದರೆ, "ಮೀನಿಗೂ ಹಬ್ಬ ಬ್ಯಾಡನು?"

ಊರ ನೆಮ್ಮದಿಯ ಯೋಜನೆಯೂ ಅವನ ಹತ್ತಿರ ತಯಾರಿತ್ತು. ದಂಡೆಯ ಮೇಲೆ ಸೊಸೆಯಂದಿರಿಗೇ ಒಂದು ಕಟ್ಟೆ. ಸಂಜೆ ಅಲ್ಲಿ ಕೂತು ಅವರು ಬೇಕಾದ್ದು ಮಾತಾಡಬಹುದು, ಅತ್ತೆಯರಿಗೆ ಪ್ರವೇಶವಿಲ್ಲ! ಇದನ್ನು ಕೇಳಿ ನಮ್ಮ ಆಯಿ, ಅಂದರೆ ಕಾಕಾನ ಹಡೆದ ತಾಯಿ, ಉರಿದುಬಿದ್ದಳು.

"ಹಂಗಾರ ನಾ ಎಲ್ಲಿ ಕುಂದ್ರಲೋ, ಭಾಡ್ಯಾ?"

"ನೀ ಈಜು ಕಲಿ ಯವ್ವಾ."

ಸಾರಿಗೆಯನ್ನಾದರೂ ಬಿಟ್ಟನೇ? ಸಿಂದಗಿಯಿಂದ ಬರುವ ಬಸ್ಸಿನಲ್ಲಿ ಕೂತು "ಕೆರಿ ಸ್ಟಾಪ್ ಒಂದು ಕೊಡ್ರಿ" ಎಂದ. ಅಂಥ ಸ್ಟಾಪೇ ಇಲ್ಲವೆಂದು ಕಂಡಕ್ಟರ್ ಹೇಳಿದರೆ, "ನೀವು ನಿಲ್ಲಸ್ರಿ, ತಾನ ಆಗ್ತೈತಿ!" ಆಗಿಯೇ ಬಿಟ್ಟಿತು ನೋಡಿ. ವರ್ಷಗಳು ಕಳೆದಂತೆ ಹೊಸ ಕಂಡಕ್ಟರುಗಳೂ ತಗ್ಗಿನ ಹತ್ತಿರ ಬಂದೊಡನೆ "ಕೆರಿ ಸ್ಟಾಪ್ ಯಾರ್ರಿ?" ಎಂದು ಸೀಟಿ ಊದತೊಡಗಿದರು. ಊರವರ ಬಾಯಲ್ಲೂ ಅದೇ ಕೂತಿತು. ದನ ಎಲ್ಲಿ? ಕೆರೆ ದಂಡೆಗೆ. ಹೊಲ ಎಲ್ಲಿ? ಕೆರೆ ಆಚೆಗೆ.

ಎಡವಟ್ಟಾದದ್ದು ಇಲ್ಲೇ. ತಾಲ್ಲೂಕಿನ ಊರೂರಿಗೆ ನೀರು, ರಸ್ತೆ, ಗಿಡಮರ ಎಲ್ಲ ಸೇರಿಸಿ ಒಂದು ಯೋಜನೆ ಮಾಡುವವರು ಸುಡುಬಿಸಿಲಲ್ಲಿ ಬಂದು ವಿಚಾರಿಸಿದರು. ಕೆರೆ ಇದೆಯೇ ಎಂದರೆ ಇಡೀ ಊರು ಒಂದೇ ಕೈ ಮಾಡಿ ತೋರಿಸಿತು. "ಹಿಂಗ ಹೋಗ್ರಿ, ಸ್ಟಾಪಿಗೆ ಹತ್ತಿಕೊಂಡ ಐತಿ." ಇಷ್ಟು ಮಂದಿ ಹೇಳಿದ ಮೇಲೆ ಆ ಬಿಸಿಲಲ್ಲಿ ಯಾರು ಹೋಗಿ ನೋಡುತ್ತಾರೆ?

ಮುಂದೆ ತಾಲ್ಲೂಕಿನ ಸಭೆಗೆ ಕಾಕಾನ ಜೊತೆ ನಾನೂ ಹೋದೆ. ನಮ್ಮೂರ ಸರದಿ ಬಂದಾಗ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ನಿಮ್ಮೂರಿಗೆ ಹೊಸಾ ಕೆರಿ ಯಾಕ್ರಿ? ಈಗಾಗಲೇ ಒಂದು ಐತೆಲ್ಲ!"

ಕಾಕಾನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು! ಸರಕಾರವೇ ಅವನ ಕೆರೆಯನ್ನು ಒಪ್ಪಿಕೊಂಡಿತ್ತು. ಎದ್ದು ನಿಂತು ಕೈಮುಗಿದ. "ಐತ್ರಿ ಸಾಹೇಬರ! ಬಾಳ ಛಲೋ ಕೆರಿ!"

ನಾನು ಅವನ ಅಂಗಿ ಜಗ್ಗಿದೆ. "ಕಾಕಾ, ಐತಿ ಅಂದ್ರ ನಮಗ ಸಿಗೂದಿಲ್ಲ. ಇಲ್ಲ ಅನ್ನು."

"ಇಲ್ಲ ಅನ್ನಲ್ಯಾ?"

"ಹೂಂ. ನೀನ ಅನ್ನಬೇಕು. ಊರಾಗ ಬ್ಯಾರೆ ಯಾರ ಹೇಳಿದ್ರೂ ಇವರು ನಂಬೂದಿಲ್ಲ."

ಬದುಕಿರುವ ಮನುಷ್ಯನನ್ನು ಸತ್ತ ಎಂದು ಹೇಳಲು ಹಚ್ಚಿದೆನೇನೋ ಎಂಬಂತೆ ನನ್ನನ್ನು ನೋಡಿದ. ಆಮೇಲೆ ಸಾಹೇಬರ ಕಡೆ ತಿರುಗಿದ.

"ಇಲ್ರಿ ಸಾಹೇಬರ. ಕೆರಿ ಇಲ್ರಿ. ನೀರಿಲ್ಲ, ಮೀನಿಲ್ಲ, ಕಟ್ಟಿ ಇಲ್ಲ. ಬರೇ ತಗ್ಗ ಐತ್ರಿ. ನಾನ ಸುಮ್ನ ಅಂತಿದ್ದೆ, ಮಂದಿ ನಂಬಿದ್ರು."

ಸಭೆಗೆ ಸಭೆಯೇ ನಕ್ಕಿತು. ಸಾಹೇಬರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು, ಆಮೇಲೆ ನಮ್ಮೂರ ಹೆಸರನ್ನು ಹೊಸ ಕೆರೆಗಳ ಸಾಲಿಗೆ ಸೇರಿಸಿಕೊಂಡರು. ಗೆದ್ದೆವು! ಬಸ್ಸಿನಲ್ಲಿ ನಾನೊಬ್ಬಳೇ ಮಾತಾಡುತ್ತಿದ್ದೆ. ಕಾಕಾ ಕಿಟಕಿಯ ಹೊರಗೆ ಮುಖ ಮಾಡಿ ಕೂತಿದ್ದ.

ನಾವು ಇಳಿದಾಗ ಹೊತ್ತು ಮುಳುಗುತ್ತಿತ್ತು. ತಗ್ಗಿನ ತುಂಬ ಕೆಂಪು ಬೆಳಕು ನಿಂತಿತ್ತು. ಮನೆಗೆ ಅದರೊಳಗಿಂದಲೇ ಸಮೀಪದ ಹಾದಿ, ಊರವರೆಲ್ಲ ಹಾಗೇ ಹೋಗುತ್ತಾರೆ. ಇಷ್ಟು ವರ್ಷದಲ್ಲಿ ಕಾಕಾ ಮಾತ್ರ ಒಮ್ಮೆಯೂ ಹೋದವನಲ್ಲ. ಅಂದು ತಲೆ ತಗ್ಗಿಸಿಕೊಂಡು ಸೀದಾ ಇಳಿಯಲು ಕಾಲೆತ್ತಿದ.

ನಾನು ಓಡಿಹೋಗಿ ಅವನ ರಟ್ಟೆ ಹಿಡಿದೆ.

"ಕಾಕಾ, ಅಲ್ಲಿ ಇಳೀಬ್ಯಾಡ. ಆಳ ಐತಿ. ಬಾ, ದಂಡಿ ಹಿಡದು ಹೋಗೂಣು."