ದಿಂಬಿನಂಗಡಿಯ ಪ್ರಕಟಣೆ

ಜೀವಮಾನವೆಲ್ಲ ಸರ್ಕಾರಿ ಕಚೇರಿಯಲ್ಲಿ ಕಾಗದ ಬರೆದು ನಿವೃತ್ತರಾದ ಗಂಡಸಿಗೆ, ದಿಂಬು ಮಾರಲು ನಾಲ್ಕು ಸಾಲು ಬರೆಯಲು ಬರುವುದಿಲ್ಲ ಎಂದು ಕಟ್ಟಿಕೊಂಡ ಹೆಂಡತಿಯೇ ಹೇಳಿದರೆ ಹೇಗಾಗಬೇಡ? ಉಲ್ಲೇಖಪ್ಪನವರಿಗೆ ಮೈಯೆಲ್ಲ ಉರಿದುಹೋಯಿತು. (ಇದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೇಲೆ 'ವಿಷಯ', ಕೆಳಗೆ 'ಉಲ್ಲೇಖ' ಎಂದು ಹಾಕದೆ ಅವರು ತರಕಾರಿ ಚೀಟಿಯನ್ನೂ ಬರೆದವರಲ್ಲ. ಕಚೇರಿಯವರು ಇಟ್ಟ ಹೆಸರು ಅವರಿಗಿಂತ ಮುಂಚೆ ನಡೆದುಕೊಂಡು ಮನೆಗೆ ಬಂದುಬಿಟ್ಟಿತ್ತು.)

"ಬರೆಯೋಕೆ ಬರಲ್ಲ ಅಂದ್ನೇನ್ರೀ? ನೀವು ಬರೆದದ್ದು ಜನಕ್ಕೆ ಅರ್ಥ ಆಗಲ್ಲ ಅಂದೆ," ಎಂದರು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

"ಅರ್ಥ ಆಗದಿದ್ರೆ ಅದು ಓದೋರ ತಪ್ಪು ಕಣೆ!"

"ಕಚೇರೀಲಿ ಹಾಗೆ. ಅಂಗಡಿ ಇಟ್ಟ ಮೇಲೆ ತಪ್ಪೆಲ್ಲ ನಮ್ಮದೇ."

ಈ ಹೆಂಡತಿಗೆ ಬೀದಿಯಲ್ಲಿ ದಿಂಬಿನಮ್ಮ ಎಂದೇ ಹೆಸರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಅಲ್ಲಿ ದಿಂಬನ್ನು ರಾಶಿ ಹಾಕಿ ಮಾರುವುದಿಲ್ಲ, ಬಂದವರ ಭುಜದ ತುದಿಯಿಂದ ಕತ್ತಿನವರೆಗೆ ಟೇಪು ಹಿಡಿದು, "ಮಗ್ಗುಲಾಗಿ ಮಲಗ್ತೀರೋ, ಅಂಗಾತವೋ, ಬೋರಲೋ?" ಎಂದು ಕೇಳಿ, ಆಮೇಲೆ ಹತ್ತಿ ತುಂಬುತ್ತಾರೆ. ಮಗ್ಗುಲಾಗಿ ಮಲಗುವವರಿಗೆ ಎತ್ತರದ್ದು, ಅಂಗಾತ ಮಲಗುವವರಿಗೆ ತಗ್ಗಿನದು, ಬೋರಲು ಬೀಳುವವರಿಗೆ ಇದ್ದೂ ಇಲ್ಲದಂಥದು. ಕೊಂಡವರೆಲ್ಲ ಹೊಗಳಿದವರೇ. ಆದರೆ ಒಳ್ಳೆಯ ದಿಂಬಿಗೆ ಒಂದು ಕೆಟ್ಟ ಗುಣವಿದೆ, ಅದು ಬೇಗ ಹಾಳಾಗುವುದಿಲ್ಲ. ಗುರುತಿನವರೆಲ್ಲ ಒಂದೊಂದು ಕೊಂಡು ಹಾಯಾಗಿ ಮಲಗಿದ ಮೇಲೆ ಅಂಗಡಿಯೂ ಮಲಗಿತು.

ಅದೇ ಹೊತ್ತಿಗೆ ಸರಿಯಾಗಿ ವಕ್ಕರಿಸಿದವನು ಭಾಮೈದ. ಪಕ್ಕದ ಬೀದಿಯಲ್ಲಿ ಅವನದು ಪೈಪು, ನಲ್ಲಿಗಳ ದೊಡ್ಡ ಅಂಗಡಿ.

"ಭಾವ, ಮನೇಲಿ ಕೂತು ಅಕ್ಕನ ತಲೆ ತಿನ್ನೋ ಬದಲು ನಮ್ಮಂಗಡಿಗೆ ಬನ್ನಿ. ವಾಷರ್ ಎಣಿಸೋ ಕೆಲಸ, ಫ್ಯಾನ್ ಕೆಳಗೇ."

ಮೂಗು ಸುರಿಸಿಕೊಂಡು ತಮ್ಮ ಮದುವೆಯಲ್ಲಿ ಓಡಾಡುತ್ತಿದ್ದ ಪೋರ ಇವನು! ಇವನ ಕೈಕೆಳಗೆ ಕೂತು ರಬ್ಬರ್ ಉಂಗುರ ಎಣಿಸುವುದೇ? ಅದೂ ಯಾರು, ಯಾರ ಸಹಿಯಿಲ್ಲದೆ ಒಂದು ಕಡತವೂ ಮೇಜಿನಿಂದ ಮೇಜಿಗೆ ಮಿಸುಕುತ್ತಿರಲಿಲ್ಲವೋ ಅಂಥವರು! "ನಾನು ಈ ಅಂಗಡಿಯ ಪ್ರಚಾರ ವಿಭಾಗದ ಮುಖ್ಯಸ್ಥ," ಎಂದು ಉಲ್ಲೇಖಪ್ಪನವರು ಅಲ್ಲೇ ಘೋಷಿಸಿಬಿಟ್ಟರು. (ಆ ವಿಭಾಗ ಅಂದಿನವರೆಗೆ ಇರಲಿಲ್ಲ.)

ದಿಂಬಿನಮ್ಮ ಗಂಡನನ್ನೂ ತಮ್ಮನನ್ನೂ ನೋಡಿ ತೀರ್ಪು ಕೊಟ್ಟರು. "ಆಯ್ತು, ತಿಂಗಳ ಕೊನೆವರೆಗೂ ನೋಡ್ತೀನಿ. ಗಿರಾಕಿ ಬಂದ್ರೆ ನೀವು ಇಲ್ಲೇ ಇರಿ. ಬರದಿದ್ರೆ ಒಂದನೇ ತಾರೀಕಿನಿಂದ ವಾಷರ್."

ಉಲ್ಲೇಖಪ್ಪನವರು ಬಾಗಿಲು ಹಾಕಿಕೊಂಡು ಕೂತರು. ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಕೊನೆಗೆ ಕಾಗದದ ಎರಡು ಮಗ್ಗುಲೂ ತುಂಬಿದ ಆ ಮಹಾಪ್ರಕಟಣೆ ಹೀಗೆ ಆರಂಭವಾಯಿತು:

"ವಿಷಯ: ಶಿರೋಭಾಗಕ್ಕೆ ಸೂಕ್ತ ಆಧಾರ ಕಲ್ಪಿಸಿಕೊಳ್ಳುವ ಬಗ್ಗೆ. ಉಲ್ಲೇಖ: ತಮ್ಮ ಕತ್ತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಬೀದಿಯ ಸಮಸ್ತ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ, ತಾವು ಹಾಲಿ ಹೊಂದಿರುವ ಆಧಾರವು ಅಳತೆಗೆ ಅನುಗುಣವಾಗಿ ಇಲ್ಲದಿರುವ ಸಂಭವವಿದ್ದು, ಸದರಿ ನ್ಯೂನತೆಯನ್ನು ಸರಿಪಡಿಸುವ ಸಲುವಾಗಿ ತಾವು ಕೆಳಕಂಡ ವಿಳಾಸದಲ್ಲಿ ಖುದ್ದಾಗಿ ಅಳತೆಗೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆಗಾರರಾಗಿರುತ್ತೀರಿ..."

"ಇದರಲ್ಲಿ ದಿಂಬು ಎಲ್ಲಿದೆ?" ಎಂದರು ದಿಂಬಿನಮ್ಮ.

"ಹಿಂದಿನ ಪುಟದಲ್ಲಿ, ಕೊನೇ ಪ್ಯಾರಾ. ಕಂಸದೊಳಗೆ."

"ಮಾರೋ ಸಾಮಾನನ್ನೇ ಬಚ್ಚಿಟ್ಟಿದೀರಲ್ರೀ!"

"ಓದುಗರಲ್ಲಿ ಕುತೂಹಲ ಅಂತ ಒಂದು ಇರುತ್ತೆ. ನಿನಗೆ ಅದೆಲ್ಲ ತಿಳಿಯಲ್ಲ ಬಿಡು."

ಪೇಪರಿನವನ ಕೈಯಲ್ಲಿ ಪ್ರಕಟಣೆ ಪ್ರತಿ ಮನೆಯ ಬಾಗಿಲ ಸಂದಿಯಲ್ಲೂ ತೂರಿತು. ಮರುದಿನ ಬೆಳಿಗ್ಗೆ ಉಲ್ಲೇಖಪ್ಪನವರು ಕಿಟಕಿ ತೆರೆದು ನೋಡಿದರೆ, ಬೀದಿಗೆ ಬೀದಿಯೇ ಅಂಗಡಿಯ ಮುಂದೆ ಸಾಲು ನಿಂತಿದೆ! ಅವರಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಬಾರೇ ಇಲ್ಲಿ! ಅರ್ಥ ಆಗಲ್ಲ ಅಂದ್ಯಲ್ಲ? ನೋಡು, ಕಣ್ಣು ಬಿಟ್ಟು ನೋಡು!"

ದಿಂಬಿನಮ್ಮ ಕಣ್ಣು ಬಿಟ್ಟೇ ನೋಡಿದರು. "ಅಲ್ರೀ, ದಿಂಬು ಕೊಳ್ಳೋರು ಮನೆಪತ್ರ ಯಾಕೆ ತಂದಿದಾರೆ?"

ಹೌದು, ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಫೈಲು. ಮೊದಲು ನಿಂತಿದ್ದ ಸೈಕಲ್ ಅಂಗಡಿಯವರು ಕೈಮುಗಿದುಬಿಟ್ಟರು. "ಸ್ವಾಮಿ, ಮಹಡಿ ಮೇಲಿನ ಬಚ್ಚಲು ನಾನು ಹೇಳದೆ ಕೇಳದೆ ಕಟ್ಟಿದ್ದು ನಿಜ. ಆಧಾರ ಸರಿಯಿಲ್ಲ ಅಂತ ಮೇಸ್ತ್ರಿ ಆವತ್ತೇ ಹೇಳಿದ್ದ. ಆದ್ರೆ ಅಳೆಯೋದಾದ್ರೆ ಎದುರು ಮನೆ ಮೆಟ್ಟಿಲೂ ಅಳೀರಿ. ಅರ್ಧ ರಸ್ತೇಲಿದೆ!"

"ನಮ್ಮ ಮೆಟ್ಟಿಲ ಸುದ್ದಿಗೆ ಬಂದ್ರೆ ನೆಟ್ಟಗಿರಲ್ಲ!" ಎಂದು ಸಾಲಿನ ಹಿಂದಿನಿಂದ ಎದುರು ಮನೆಯ ಮೇಷ್ಟ್ರು ಕೂಗಿದರು.

ಗಲಾಟೆ ನಿಲ್ಲಿಸೋಣವೆಂದು ದಿಂಬಿನಮ್ಮ ಹೊರಗೆ ಬಂದರು. ಬರುವಾಗ ಕೊರಳಲ್ಲಿ ಟೇಪು ಇತ್ತು ನೋಡಿ, ಅದನ್ನು ಕಂಡದ್ದೇ ಜನ ಒಂದು ಹೆಜ್ಜೆ ಹಿಂದೆ ಸರಿದರು.

"ಯಾರೂ ಹೆದರಬೇಡಿ. ಮನೆ ಅಳೆಯೋಕಲ್ಲ, ನಿಮ್ಮ ಕತ್ತು ಅಳೆಯೋಕೆ!"

ಇದರಿಂದ ಯಾರಿಗೂ ಧೈರ್ಯ ಬಂದಂತೆ ಕಾಣಲಿಲ್ಲ. ಬಂದದ್ದು ಮನೆ ಅಳೆಯುವ ಸರ್ಕಾರಿ ನೋಟೀಸಲ್ಲ, ದಿಂಬಿನ ಜಾಹೀರಾತು ಎಂದು ತಿಳಿದ ಮೇಲಂತೂ ಹಾಜರಾದವರೆಲ್ಲ ಉಲ್ಲೇಖಪ್ಪನವರಿಗೆ ಬಾಯಿಗೆ ಬಂದಂತೆ ಮಂಗಳಾರತಿ ಎತ್ತಿ ಹೋದರು. ಬಚ್ಚಲಿನವರೂ ಮೆಟ್ಟಿಲಿನವರೂ ಮಾತು ಬಿಟ್ಟರು. ಒಂದೇ ಒಂದು ದಿಂಬೂ ಕದಲಲಿಲ್ಲ.

ದಿಂಬಿನಮ್ಮ ಬೈಯಲಿಲ್ಲ, ಅದಕ್ಕೇ ಉಲ್ಲೇಖಪ್ಪನವರಿಗೆ ಹೆಚ್ಚು ಭಯವಾಯಿತು. ಆಕೆ ಒಂದು ರಟ್ಟು ತೆಗೆದುಕೊಂಡು ದಪ್ಪ ಅಕ್ಷರದಲ್ಲಿ ಬರೆದರು: 'ಕತ್ತು ನೋವೇ? ಈ ದಿಂಬಿನ ಮೇಲೆ ಮಲಗಿ ನೋಡಿ. ಹಿತವಾದರೆ ಕೊಳ್ಳಿ.' ಅದನ್ನು ಬಾಗಿಲಿಗೆ ತೂಗುಹಾಕಿ, ಒಳಗೆ ಒಂದು ಮಂಚ ಹಾಕಿ, ಅಡ್ಡಕ್ಕೆ ಪರದೆ ಎಳೆದರು.

"ಇದೂ ಒಂದು ಬರವಣಿಗೆಯೇ? ವಿಷಯ ಇಲ್ಲ, ಉಲ್ಲೇಖ ಇಲ್ಲ, ಸಹಿ ಕೂಡ ಇಲ್ಲ!"

"ಕತ್ತು ನೋವಿದ್ದೋರು ಓದ್ಕೋತಾರೆ ಸುಮ್ನಿರ್ರೀ."

ಓದಿಕೊಂಡರು, ಬಂದರು. ಆದರೆ ಬಂದವರು ಮಂಚದ ಮೇಲೆ ಮಲಗಿ, ಸೂರು ನೋಡಿ, "ಮೆತ್ತಗಿದೆ. ಆದ್ರೆ ನಿದ್ದೆ ಬರುತ್ತೆ ಅಂತ ಏನು ಗ್ಯಾರಂಟಿ?" ಎಂದು ಎದ್ದು ಹೋಗುತ್ತಿದ್ದರು. ಅವರದೂ ತಪ್ಪಲ್ಲ. ಹಾಡುಹಗಲು, ಹೊರಗೆ ಗಾಡಿಗಳ ಹಾರ್ನ್, ಪರದೆಯಾಚೆ ಅಂಗಡಿಯಾಕೆ ಕಾದು ನಿಂತಿರುವಾಗ ಯಾರಿಗೆ ತಾನೇ ನಿದ್ದೆ ಬಂದೀತು? ತಿಂಗಳು ಸವೆಯುತ್ತಾ ಬಂತು. ಉಲ್ಲೇಖಪ್ಪನವರ ಕಿವಿಯಲ್ಲಿ ಆಗಲೇ ವಾಷರ್‌ಗಳು ಉದುರತೊಡಗಿದವು.

ಒಂದು ಬೆಳಿಗ್ಗೆ ಆಸ್ಪತ್ರೆಯ ನರ್ಸಮ್ಮ ಒಬ್ಬರು ಬಂದರು. ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟವರು, ಕಣ್ಣು ಕೆಂಪಗೆ ಊದಿತ್ತು. ಮಲಗಿದರು, ಹೊರಳಿದರು, ನಿಟ್ಟುಸಿರು ಬಿಟ್ಟರು. "ದಿಂಬು ತುಂಬಾ ಹಿತವಾಗಿದೆ ಅಮ್ಮ. ಆದ್ರೆ ನನ್ನ ಹಣೆಬರಹ, ಹಗಲು ನಿದ್ದೆ ಹತ್ತೋದೇ ಇಲ್ಲ. ಕೊಂಡೇನು ಪ್ರಯೋಜನ?"

ಮೂಲೆಯಲ್ಲಿ ಉಳಿದ ಪ್ರಕಟಣೆಗಳ ಕಟ್ಟಿನ ಮೇಲೆ ಕೂತಿದ್ದ ಉಲ್ಲೇಖಪ್ಪನವರಿಗೆ ಓದು ಕಲಿತವರೊಬ್ಬರು ಸಿಕ್ಕಿದ್ದೇ ದೊಡ್ಡದಾಯಿತು. "ಏಳಬೇಡಿ, ಒಂದು ನಿಮಿಷ. ನೀವು ವಿದ್ಯಾವಂತರು. ಇದನ್ನ ಕೇಳಿ, ಇದರಲ್ಲಿ ಏನು ದೋಷ ಇದೆ ಅಂತ ನೀವೇ ಹೇಳಿ." ಹೀಗೆಂದು ಗಂಟಲು ಸರಿಮಾಡಿಕೊಂಡು ಓದತೊಡಗಿದರು. ಮನಸ್ಸಿನಲ್ಲಿದ್ದ ನೋವೆಲ್ಲ ದನಿಯಲ್ಲಿ ಬಂತು. ಪುಟ ತಿರುವಿದರು, ಕೊನೆಯ ಪ್ಯಾರಾ ಮುಟ್ಟಿದರು, ಕಂಸ ತೆರೆದು 'ದಿಂಬು' ಎಂದು ಮುಚ್ಚಿದರು. ತಲೆ ಎತ್ತಿ, "ಹೇಗಿದೆ?" ಎಂದರು.

ಗೊರ್‌ರ್‌ರ್ ಎಂದಿತು ಮಂಚ.

ಪರದೆಯಾಚೆ ದಿಂಬಿನಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. "'ಸದರಿ ನ್ಯೂನತೆ' ಅಂದ್ರಲ್ಲ, ಆಗಲೇ ಹೋದ್ರು ಪಾಪ!"

ನರ್ಸಮ್ಮ ಎದ್ದದ್ದು ಬಿಸಿಲು ಇಳಿದ ಮೇಲೆ. ಎದ್ದವರೇ ಎರಡು ದಿಂಬು ಕೊಂಡರು. ಹೊಸಿಲು ದಾಟಿದವರು ಮತ್ತೆ ತಿರುಗಿ ಬಂದು, "ಆ ಕಾಗದಾನೂ ಕೊಡಿ ಸಾರ್. ಬರೀ ದಿಂಬು ಸಾಲೋದಿಲ್ಲ," ಎಂದರು.

ಆಸ್ಪತ್ರೆಯಲ್ಲಿ ಸುದ್ದಿ ಹಬ್ಬಿತು. ರಾತ್ರಿ ಪಾಳಿಯವರೆಲ್ಲ ಬಂದರು, ಅವರ ಹಿಂದೆ ನಿದ್ದೆಗೆಟ್ಟವರೆಲ್ಲ ಬಂದರು, ಕೊನೆಗೆ ಬಚ್ಚಲಿನವರೂ ಬಂದರು. (ಮೆಟ್ಟಿಲಿನವರ ಚಿಂತೆಯಲ್ಲಿ ಅವರಿಗೂ ನಿದ್ದೆ ಇರಲಿಲ್ಲ.) ದಿಂಬಿನಮ್ಮ ರಟ್ಟಿನ ಮೇಲೆ ಇನ್ನೊಂದು ಸಾಲು ಸೇರಿಸಿದರು: 'ದಿಂಬಿನ ಜೊತೆ ನಿದ್ದೆಯ ಕಾಗದ ಉಚಿತ.'

ಉಲ್ಲೇಖಪ್ಪನವರಿಗೆ ಸಂತೋಷಪಡಬೇಕೋ ನೇಣು ಹಾಕಿಕೊಳ್ಳಬೇಕೋ ತಿಳಿಯಲಿಲ್ಲ. ತಾವು ಬರೆದದ್ದನ್ನು ಊರೇ ಬಯಸಿ ಕೊಂಡೊಯ್ಯುತ್ತಿತ್ತು, ಒಬ್ಬರೂ ಕೊನೆಮುಟ್ಟಿಸುತ್ತಿರಲಿಲ್ಲ. "ಎಲ್ಲಿವರೆಗೆ ಓದಿದಿರಿ?" ಎಂದು ಸಿಕ್ಕಸಿಕ್ಕವರನ್ನು ಕೇಳಿದರು. 'ಸದರಿ' ದಾಟಿದವರು ಸಿಗಲಿಲ್ಲ.

"ನೀನಾದ್ರೂ ಪೂರ್ತಿ ಓದಿದೀಯೇನೆ?"

"ಮದುವೆಗೆ ಮುಂಚೆ ನೀವು ಬರೀತಿದ್ದ ಕಾಗದಾನೇ ನಾನು ಪೂರ್ತಿ ಓದಿಲ್ಲ," ಎಂದರು ದಿಂಬಿನಮ್ಮ ಹತ್ತಿ ತುಂಬುತ್ತಾ. "ಒಳ್ಳೇ ನಿದ್ದೆ ಬರ್ತಿತ್ತು. ಅದಕ್ಕೇ ಒಪ್ಕೊಂಡೆ."

ಒಂದನೇ ತಾರೀಕು ಬಂತು. ಮಧ್ಯಾಹ್ನ ಉಲ್ಲೇಖಪ್ಪನವರು ಪ್ರಕಟಣೆಯನ್ನು ತಿದ್ದಿ ಎರಡನೇ ಮುದ್ರಣಕ್ಕೆ ಕಳಿಸೋಣವೆಂದು ಮಂಚದ ಮೇಲೆ ಒರಗಿ ಕೂತರು. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂಬುದು ಸರಿಯಾಗಿಯೇ ಇತ್ತು. 'ಸಮಸ್ತ ನಿವಾಸಿಗಳಿಗೆ' ಎಂಬುದೂ ಸರಿ. 'ಸದರಿ'ಯ ಮೇಲೆ ಪೆನ್ನು ಇಟ್ಟದ್ದು ನೆನಪಿದೆ.

ಎಚ್ಚರವಾದಾಗ ಸುತ್ತ ಪಿಸುಮಾತು. ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದರು. ಪರದೆ ಪೂರಾ ಸರಿದಿತ್ತು. ಮಂಚದ ಸುತ್ತ ಗಿರಾಕಿಗಳು ನಿಂತಿದ್ದರು. ತಮ್ಮ ಪಾದಗಳ ಬಳಿ ಹೊಸ ರಟ್ಟೊಂದಿತ್ತು: 'ಅನುಮಾನ ಇದ್ದವರು ಇವರನ್ನು ನೋಡಿ.'

ಅಷ್ಟರಲ್ಲಿ ಬಾಗಿಲಲ್ಲಿ ಭಾಮೈದನ ದನಿ. "ಅಕ್ಕಾ, ಇವತ್ತು ಒಂದನೇ ತಾರೀಕು. ಭಾವನ್ನ ಎಬ್ಬಿಸು, ಕರ್ಕೊಂಡು ಹೋಗ್ತೀನಿ."

"ಶ್! ಮೆಲ್ಲಗೆ ಮಾತಾಡೋ," ಎಂದರು ದಿಂಬಿನಮ್ಮ. "ಅವರು ಎಲ್ಲೂ ಬರಲ್ಲ. ಡ್ಯೂಟೀಲಿದಾರೆ."

ಉಲ್ಲೇಖಪ್ಪನವರ ರಕ್ತ ಕುದಿಯಿತು. ಪ್ರಚಾರ ವಿಭಾಗದ ಮುಖ್ಯಸ್ಥನನ್ನು ಪ್ರದರ್ಶನದ ಗೊಂಬೆ ಮಾಡಿದ್ದಾಳೆ! ಧಡಕ್ಕನೆ ಎದ್ದು ಕೂತು, ಸದರಿ ರಟ್ಟನ್ನು ಹರಿದು, ಎಲ್ಲರೆದುರಿಗೇ ಒಂದು ಖಡಕ್ ಆಕ್ಷೇಪಣೆ ಸಲ್ಲಿಸಬೇಕು ಎಂದು ಮೊಣಕೈ ಊರಿದ್ದೇ ತಡ, ಭಾಮೈದನ ಜೇಬಿನಲ್ಲಿ ಅದೇನೋ ಗಲಗಲ ಎಂದಿತು, ವಾಷರೇ ಇರಬೇಕು.

"ಇವರು ನಿಜವಾಗ್ಲೂ ನಿದ್ದೆ ಮಾಡ್ತಿದಾರಾ, ಇಲ್ಲಾ ನಾಟಕಾನಾ?" ಎಂದರು ಗಿರಾಕಿಯೊಬ್ಬರು. "ಕಣ್ಣು ಆಡಿದ ಹಾಗಿತ್ತಪ್ಪ."

ಉಲ್ಲೇಖಪ್ಪನವರು ಊರಿದ ಮೊಣಕೈಯನ್ನು ಮೆಲ್ಲಗೆ ಸಡಿಲ ಬಿಟ್ಟರು, ಕಣ್ಣು ಬಿಗಿಯಾಗಿ ಮುಚ್ಚಿದರು, ತಲೆಯನ್ನು ದಿಂಬಿನೊಳಕ್ಕೆ ಇನ್ನಷ್ಟು ಒತ್ತಿ, ಎದುರು ಮನೆಯ ಮೆಟ್ಟಿಲಿನವರೆಗೂ ಕೇಳುವಂತೆ ಒಂದು ಗೊರಕೆ ಹೊಡೆದರು. ಅವರ ಇಡೀ ಸೇವಾವಧಿಯಲ್ಲಿ ಎಲ್ಲರಿಗೂ ಒಂದೇ ಸಲಕ್ಕೆ ಅರ್ಥವಾದ ಪ್ರಕಟಣೆ ಅದೊಂದೇ.