ಮಾವ ಬಿಟ್ಟುಹೋದ ಏಸಿ

ಮೇಷ್ಟ್ರು ಫಿದೆನ್ಸಿಯೊ ಬೊಹೋರ್ಕೆಸ್‌ಗೆ ಅಂದು ಬೆಳಿಗ್ಗೆ ಎಚ್ಚರವಾದದ್ದು ಸದ್ದಿಗಲ್ಲ, ಸದ್ದು ನಿಂತುಹೋದದ್ದಕ್ಕೆ. ಎಂಟು ಬೇಸಿಗೆಗಳಿಂದ ತಲೆಯ ಮೇಲೆ ಹಿಟ್ಟಿನ ಗಿರಣಿಯ ಹಾಗೆ ಅಬ್ಬರಿಸುತ್ತಿದ್ದ ಕಿಟಕಿಯ ಏಸಿ ಬಾಯಿ ಮುಚ್ಚಿಕೊಂಡಿತ್ತು.

ಬೇರೆ ದಿನವಾಗಿದ್ದರೆ ಮೇಷ್ಟ್ರು ಕನ್ಯೆ ಮೇರಿಗೆ ಮೇಣದಬತ್ತಿ ಹಚ್ಚುತ್ತಿದ್ದರೇನೋ. ಆದರೆ ಅಂದು ಬೆಳಿಗ್ಗೆಯೇ ಸರ್ಕಾರಿ ಯೋಜನೆಯ ಇಂಜಿನಿಯರಮ್ಮ ಬರುವವಳಿದ್ದಳು. ಹಳೆಯ ಏಸಿ ಕೊಟ್ಟವರಿಗೆ ಹೊಸದು ಪುಕ್ಕಟೆ. ಷರತ್ತು ಒಂದೇ, ಹಳೆಯದು ಓಡುತ್ತಿರಬೇಕು. ಸತ್ತುಬಿದ್ದದ್ದನ್ನು ಕಿತ್ತುಕೊಂಡರೆ ಕರೆಂಟು ಉಳಿಯುವುದು ಎಲ್ಲಿಂದ ಎಂಬುದು ಸರ್ಕಾರದ ಲೆಕ್ಕಾಚಾರ.

ಎರ್ಮೊಸಿಯೊ ಊರಿನ ಜುಲೈ ಬಿಸಿಲಿಗೆ ಹಲ್ಲಿಯೂ ಕಾಲೆತ್ತಿ ಎತ್ತಿ ನಡೆಯುತ್ತದೆ. ಮನೆಮಂದಿಯೆಲ್ಲ ಮಂಚ ಎಳೆದುಕೊಂಡು ಏಸಿಯಿರುವ ಒಂದೇ ಕೋಣೆಯಲ್ಲಿ ಮಲಗುವ ಕಾಲ. ಹೊಸ ಏಸಿಗೆ ಸದ್ದೇ ಇಲ್ಲವಂತೆ. ಸದ್ದಿಲ್ಲದ ಕೋಣೆಯಲ್ಲಿ ಒಂದೇ ಒಂದು ಮಧ್ಯಾಹ್ನ ತಂಪಾಗಿ ನಿದ್ದೆ ಹೋಗಬೇಕು, ಮೇಷ್ಟ್ರಿಗೆ ಈ ಜನ್ಮದಲ್ಲಿ ಉಳಿದಿದ್ದ ಆಸೆ ಅದೊಂದೇ.

"ಅತ್ತೇ, ಏಸಿ ಹೋಯ್ತು!"

ಅತ್ತೆ ದೋನ್ಯಾ ಬೆನಿಗ್ನಾ ಅಡುಗೆಮನೆಯಲ್ಲಿ ಹುರುಳಿಕಾಯಿಯ ಬೀಜ ಬೇಯಿಸುತ್ತಿದ್ದವರು ಹೇರ್‌ಪಿನ್ನನ್ನು ತುರುಬಿಗೆ ಸಿಕ್ಕಿಸಿಕೊಳ್ಳುತ್ತಾ ಬಂದರು. "ಹೋಗ್ಲಿ ಬಿಡಿ ಅಳಿಯಂದ್ರೇ. ಅದನ್ನ ತಂದ ನಮ್ಮೆಜಮಾನ್ರೇ ಹೋದ್ರು, ಅದೇನು ಮಹಾ."

ಹೆಂಡತಿ ಎಲ್ವಿರಾ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದಳು. ಮೇಷ್ಟ್ರು ಪೈಜಾಮದಲ್ಲೇ ಓಡಿ ಪಕ್ಕದ ಮನೆಯ ದೋನ್ ರೆಮಿಹಿಯೊನನ್ನು ಕರೆತಂದರು. ಆತ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಬಸ್ಸಿಗಿಂತ ಚಿಕ್ಕದಾದ ಯಾವ ಯಂತ್ರವೂ ತನಗೆ ಸಮಸ್ಯೆಯೇ ಅಲ್ಲ ಎಂದು ನಂಬಿದ್ದ. ಏಸಿಯ ಬೆನ್ನಿಗೆ ಎರಡು ಗುದ್ದಿದ, ಕಿವಿಯಿಟ್ಟು ಕೇಳಿದ, ಕಣ್ಣು ಮುಚ್ಚಿದ.

"ಗೇರ್‌ಬಾಕ್ಸು."

"ಏಸಿಗೆ ಗೇರ್‌ಬಾಕ್ಸ್ ಎಲ್ಲಿಂದ ಬಂತು ಮಾರಾಯಾ?"

"ಅದಕ್ಕೇ ಹೇಳಿದ್ದು, ಇರಬೇಕಾದ್ದೇ ಇಲ್ಲ. ಗುಜರಿಗೆ ಹಾಕಿ ಮೇಷ್ಟ್ರೇ. ಒಳಗೆ ತಾಮ್ರ ಇರುತ್ತೆ."

ಆ ಮಾತು ಬಂದರೆ ಮೇಷ್ಟ್ರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಗುಜರಿಯವನು ತಾಮ್ರದ ಆಸೆಗೆ ಕೊಡಲಿಯಿಂದ ಕಚ್ಚು ಹಾಕುತ್ತಾನೆ, ಒಳಗಿನ ಗ್ಯಾಸು ಬುಸ್ಸೆಂದು ಆಕಾಶಕ್ಕೆ ಹೋಗುತ್ತದೆ, ಭೂಮಿ ಇನ್ನಷ್ಟು ಬಿಸಿಯಾಗುತ್ತದೆ. ಇದನ್ನು ಅವರು ಶಾಲೆಯಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ವರ್ಷ ವರ್ಷ ಪಾಠ ಮಾಡಿದ್ದರು. ಪಾಠ ಮಾಡಿದವರೇ ಗುಜರಿಗೆ ಹಾಕಿದರೆ ಮಕ್ಕಳಿಗೆ ಮುಖ ತೋರಿಸುವುದು ಹೇಗೆ?

ಅಷ್ಟರಲ್ಲಿ ಎದುರು ಮನೆಯ ದೋನ್ಯಾ ತೂಲಾ ಕಾಫಿಗೆಂದು ಬಂದರು. ದಿನಾ ಬೆಳಿಗ್ಗೆ ಅತ್ತೆಯ ಜೊತೆ ಕಾಫಿ ಕುಡಿಯದಿದ್ದರೆ ಅವರಿಗೆ ದಿನ ಶುರುವಾಗುವುದಿಲ್ಲ. ಅವರ ಮನೆಯಲ್ಲೂ ಇದೇ ಕಾಲದ, ಇದೇ ಗಾತ್ರದ ಏಸಿಯಿತ್ತು. ಆದರೆ ಯೋಜನೆಗೆ ಅರ್ಜಿ ಹಾಕುವಂತಿರಲಿಲ್ಲ. ಕರೆಂಟು ಬಿಲ್ಲು ಗಂಡನ ಹೆಸರಿನಲ್ಲಿತ್ತು, ಗಂಡ ಸಿಗರೇಟು ತರುತ್ತೇನೆಂದು ದೂರದ ತಿಹುವಾನಾ ಊರಿನ ಕಡೆ ಹೋದವನು ಹನ್ನೆರಡು ವರ್ಷವಾದರೂ ಬಂದಿರಲಿಲ್ಲ. ಹೆಸರು ಬದಲಾಯಿಸಿಕೊಳ್ಳಿ ಎಂದರೆ, "ಬೇಡಪ್ಪ, ಯಾವತ್ತಾದ್ರೂ ಬಂದ್ರೆ ಬಾಕಿ ಅವನೇ ಕಟ್ಲಿ" ಎನ್ನುತ್ತಿದ್ದರು.

"ಇಷ್ಟಕ್ಕೆಲ್ಲ ಯಾಕೆ ತಲೆ ಮೇಲೆ ಕೈ ಹೊತ್ಕೊಂಡು ಕೂತಿದೀರ ಮೇಷ್ಟ್ರೇ?" ಎಂದರು ತೂಲಾ. "ನನ್ನದು ಓಡ್ತಾ ಇದೆಯಲ್ಲ, ಅದನ್ನೇ ನಿಮ್ಮ ಕಿಟಕೀಲಿ ಕೂರಿಸಿ. ಇವತ್ತು ಬರೀ ನೋಡ್ಕೊಂಡು ಹೋಗ್ತಾರೆ, ಒಯ್ಯೋದು ಬರೋ ವಾರ. ಅಷ್ಟರಲ್ಲಿ ನಿಮ್ಮದು ರಿಪೇರಿ ಮಾಡಿಸಿ, ನನ್ನದು ನನಗೆ ವಾಪಸ್ ಕೊಡಿ."

"ಅದು ಮೋಸ ಅಲ್ವಾ ದೋನ್ಯಾ ತೂಲಾ?"

"ಅಯ್ಯೋ, ನೆರೆಹೊರೆ ಅಂದ್ರೆ ಮತ್ತೇನು? ಮದುವೆಗೆ ಕುರ್ಚಿ ಎರವಲು ತರಲ್ವಾ?"

ಅತ್ತೆ ಕಾಫಿ ಬಸಿಯಿಂದ ತಲೆ ಎತ್ತದೆ, "ತೂಲಾ ಹೇಳೋದ್ರಲ್ಲಿ ನ್ಯಾಯ ಇದೆ" ಎಂದರು.

ಮೇಷ್ಟ್ರ ಏಸಿಯನ್ನು ಕಿಟಕಿಯಿಂದ ಇಳಿಸಿ ಕೋಣೆಯ ಮೂಲೆಗೆ ತಳ್ಳಿ, ಮೇಲೊಂದು ಹೂವಿನ ಚಾದರ ಹೊದಿಸಿದ್ದಾಯಿತು. ಆಮೇಲೆ ತೂಲಾ ಅವರ ಏಸಿ ತರಲು ಹೊರಟರು. ಮೇಷ್ಟ್ರು ಒಂದು ಕಡೆ, ದೋನ್ ರೆಮಿಹಿಯೊ ಇನ್ನೊಂದು ಕಡೆ. ಬೀದಿ ದಾಟಿದ್ದೇ ದೋನ್ ರೆಮಿಹಿಯೊನ ಸೊಂಟ ಹಿಡಿಯಿತು. ಏಸಿಯನ್ನು ಫುಟ್‌ಪಾತಿನ ಮೇಲೆ ಇಳಿಸಿ, ಅವನನ್ನು ಅವನ ಮನೆಗೆ ಕರೆದೊಯ್ದು ಮಲಗಿಸಿ, ಬೆನ್ನಿಗೆ ಆಲ್ಕೋಹಾಲು ತಿಕ್ಕಿ ಮೇಷ್ಟ್ರು ಹೊರಗೆ ಬರುವಷ್ಟರಲ್ಲಿ ಬೀದಿಯ ತುದಿಯಿಂದ ಹಳೆಯ ಹಾಸಿಗೆ, ಫ್ರಿಜ್ಜು, ಒಲೆ, ಕಬ್ಬಿಣ ಕೊಳ್ಳುತ್ತೇವೆಂದು ಸ್ಪೀಕರಿನಲ್ಲಿ ಹುಡುಗಿಯೊಬ್ಬಳ ಧ್ವನಿ ಎಳೆದೆಳೆದು ಕೂಗುವುದು ಕೇಳಿಸಿತು. ಗುಜರಿ ಗಾಡಿ. ಫುಟ್‌ಪಾತಿನ ಮೇಲಿಟ್ಟದ್ದು ಗುಜರಿಯವನದು ಎಂಬುದು ಆ ಊರಿನಲ್ಲಿ ಅಜ್ಜಂದಿರ ಕಾಲದಿಂದ ನಡೆದುಬಂದ ಕಾನೂನು. ಫುಟ್‌ಪಾತು ಖಾಲಿಯಾಗಿತ್ತು.

ಮೇಷ್ಟ್ರು ಬರಿಗಾಲಲ್ಲಿ ಓಡಿದರು. ಕಾದ ಟಾರಿನ ಮೇಲೆ ಅವರು ಕುಣಿದ ಕುಣಿತಕ್ಕೆ ಅಂಗಳದ ನಾಯಿಗಳೆಲ್ಲ ಬೊಗಳಿ ತಾಳ ಹಾಕಿದವು. ಮೂಲೆಯ ಐಸು ಮಾರುವವಳ ಹತ್ತಿರ ಗಾಡಿ ನಿಂತಿದ್ದರಿಂದ ಸಿಕ್ಕಿತು.

"ಅದು ನಂದು," ಎಂದರು ಏದುಸಿರು ಬಿಡುತ್ತಾ.

"ಆಗಿತ್ತು," ಎಂದ ಗುಜರಿಯವನು ಶರಬತ್ತಿನ ಐಸು ಚೀಪುತ್ತಾ. "ಎತ್ತಿ ಹಾಕೋಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಗಿದೆ. ಬದಲಿಗೆ ಏನಾದ್ರೂ ಕೊಡಿ. ಕಬ್ಬಿಣದ್ದು."

ಮನೆಯಲ್ಲಿ ಅಷ್ಟು ಭಾರದ ಕಬ್ಬಿಣವೆಂದರೆ ಹಿತ್ತಲಿನ ಮಾಂಸ ಸುಡುವ ಒಲೆ ಒಂದೇ. ಆ ಸೀಮೆಯಲ್ಲಿ ಭಾನುವಾರ ಹಿತ್ತಲಲ್ಲಿ ಮಾಂಸ ಸುಡದ ಗಂಡಸನ್ನು ಜನ ಕಾಯಿಲೆಯವನೆಂದು ತಿಳಿಯುತ್ತಾರೆ. ಮೇಷ್ಟ್ರು ಒಲೆಯನ್ನು ಕೊಟ್ಟರು. ಕೊಡುವಾಗ ಅದರ ಸರಳುಗಳನ್ನು ಒಮ್ಮೆ ಸವರಿದರು. ನಿದ್ದೆ ಇದಕ್ಕಿಂತ ದೊಡ್ಡದೆಂದು ಸಮಾಧಾನ ಮಾಡಿಕೊಂಡರು.

ಗುಜರಿಯವನೇ ಪಾಪ ಎನಿಸಿ ಏಸಿಯನ್ನು ಕಿಟಕಿಯಲ್ಲಿ ಕೂರಿಸಿಕೊಟ್ಟು ಹೋದ. ಅವನ ಗಾಡಿ ಅತ್ತ ತಿರುಗಿದ್ದೇ ಇತ್ತ ಯೋಜನೆಯ ಲಾರಿ ಬಂತು. ಇಂಜಿನಿಯರ್ ಯಾದಿರಾ ಎಳೆಯ ವಯಸ್ಸಿನವಳು, ಚುರುಕು ಕಣ್ಣಿನವಳು. ಕೋಣೆಯೊಳಗೆ ಕಾಲಿಟ್ಟಾಗ ಅತ್ತೆ ಮೂಲೆಯ ಹೂವಿನ ಚಾದರದ ಮೇಲೆ ಜಪಸರ ಹಿಡಿದು ಕುಳಿತಿದ್ದರು.

"ನಮಸ್ಕಾರ ಅಜ್ಜಿ. ಆರಾಮಾಗಿ ಕುರ್ಚಿ ಮೇಲೆ ಕೂತ್ಕೊಬಾರ್ದಾ?"

"ಹರಕೆ ಕಣಮ್ಮ," ಎಂದರು ಅತ್ತೆ. "ಗಟ್ಟಿ ಜಾಗದಲ್ಲೇ ಕೂರ್ಬೇಕು."

ಯಾದಿರಾ ಗುಂಡಿ ತಿರುಗಿಸಿದಳು. ತೂಲಾ ಅವರ ಏಸಿ ಒಮ್ಮೆ ಕೆಮ್ಮಿ, ನಡುಗಿ, ಗರಗರನೆ ತಂಗಾಳಿ ಬಿಟ್ಟಿತು. ಮೇಷ್ಟ್ರು ಬಿಗಿಹಿಡಿದ ಉಸಿರನ್ನೂ ಬಿಟ್ಟರು.

"ಚೆನ್ನಾಗಿ ಓಡ್ತಾ ಇದೆ," ಎಂದಳು ಯಾದಿರಾ. ಬಾಗಿಲ ಕಡೆ ತಿರುಗಿ, "ಇಳಿಸ್ರಪ್ಪಾ" ಎಂದು ಕೂಗಿದಳು.

"ಇಳಿಸೋದು ಬರೋ ವಾರ ಅಲ್ವಾ?"

"ಯಾರು ಹೇಳಿದ್ದು ಸಾರ್? ನೋಡಿದ ತಕ್ಷಣ ಒಯ್ಯೋದು. ಬಿಟ್ಟು ಹೋದ್ರೆ ನೀವು ಅದನ್ನ ತಂಗಿ ಮನೆಗೆ ಕೊಡ್ತೀರಿ, ಹೊಸದನ್ನೂ ಓಡಿಸ್ತೀರಿ."

ಮೇಷ್ಟ್ರು ಕಿಟಕಿಯಿಂದ ಪಕ್ಕಕ್ಕೆ ಸರಿದರು. ನಿಜ ಹೇಳಿದರೆ ಮೋಸಗಾರ, ಹೇಳದಿದ್ದರೆ ಕಳ್ಳ. ಲಾರಿಯ ಹಿಂದೆ ಇಬ್ಬರು ಆಳುಗಳು ಏಸಿಗೆ ನಳಿಗೆ ಸಿಕ್ಕಿಸಿ ಒಳಗಿನ ಗ್ಯಾಸನ್ನೆಲ್ಲ ಒಂದು ಸಿಲಿಂಡರಿಗೆ ಎಳೆದುಕೊಂಡರು. ಒಂದು ಉಸಿರೂ ಹೊರಗೆ ಹೋಗಲಿಲ್ಲ. ಆಮೇಲೆ ಅದರ ಹೊಟ್ಟೆಗೆ ಡ್ರಿಲ್ಲಿನಿಂದ ತೂತು ಕೊರೆದರು, ಇನ್ನೆಂದೂ ಓಡಬಾರದೆಂದು. ಬೋರ್ಡಿನ ಮೇಲೆ ಮೇಷ್ಟ್ರು ಬರೆಯುತ್ತಿದ್ದ ಚಿತ್ರದಂತೆಯೇ ಎಲ್ಲ ಅಚ್ಚುಕಟ್ಟಾಗಿ ನಡೆಯಿತು. ನೋಡಿ ಅವರಿಗೆ ನಿಜಕ್ಕೂ ಸಂತೋಷವಾಯಿತು, ಆ ಏಸಿ ತಮ್ಮದಲ್ಲ ಎಂಬುದು ನೆನಪಾಗುವ ತನಕ.

ಲಾರಿ ಹೋದ ಮೇಲೆ ಹೊಸ ಏಸಿ ಪೆಟ್ಟಿಗೆಯೊಳಗೆ ಬಿಳಿಯಾಗಿ, ಪುಟ್ಟದಾಗಿ ಕುಳಿತಿತ್ತು. ಮೇಷ್ಟ್ರು ಅದನ್ನು ನೋಡಿದರು, ಎದುರುಮನೆಯ ತೆರೆದ ಕಿಟಕಿಯನ್ನು ನೋಡಿದರು. ಅವರು ಮರ್ಯಾದಸ್ಥರು. ಪೆಟ್ಟಿಗೆಯನ್ನು ಎದೆಗವಚಿಕೊಂಡು ಬೀದಿ ದಾಟಿದರು.

"ಅಯ್ಯೋ, ನಂದನ್ನೇ ಒಯ್ದುಬಿಟ್ರಾ? ಹಣೆಬರಹ, ಏನ್ ಮಾಡೋಕಾಗುತ್ತೆ," ಎಂದರು ತೂಲಾ. ಹೇಳುವಾಗ ಆಗಲೇ ಕಿಟಕಿಯ ಪರದೆ ಸರಿಸಿದ್ದರು.

ಹಳೆಯ ಏಸಿಯ ಕಿಂಡಿ ದೊಡ್ಡದು, ಹೊಸದು ಅದರ ಅರ್ಧ. ಉಳಿದ ಜಾಗಕ್ಕೆ ಏನು ತುರುಕುವುದೆಂದು ಯೋಚಿಸುತ್ತಾ ಮೇಷ್ಟ್ರು ತಲೆ ಎತ್ತಿದರು. ಕಿಂಡಿಯಲ್ಲಿ ಬೆಳಿಗ್ಗೆ ಇಲ್ಲದ ಹೊಸ ಮರದ ಚೌಕಟ್ಟು ಕೂತಿತ್ತು. ನೀಲಿ ಬಣ್ಣ ಬಳಿದಿತ್ತು. ಬೆರಳಿಟ್ಟು ನೋಡಿದರು, ಬಣ್ಣ ಒಣಗಿತ್ತು. ಹೊಸ ಏಸಿ ಅದರೊಳಗೆ ಕೂದಲೆಳೆಯಷ್ಟೂ ಅಲುಗಾಡದೆ ಕೂತಿತು.

"ಈ ಚೌಕಟ್ಟು ಯಾವಾಗ ಮಾಡಿಸಿದ್ರಿ ದೋನ್ಯಾ ತೂಲಾ?"

"ಹೋದ ಭಾನುವಾರ. ದೋನ್ ರೆಮಿಹಿಯೊ ಮಾಡಿಕೊಟ್ಟ. ಪಾರಿವಾಳದ ಗೂಡಿಗೆ ಅಂತ ಹೇಳಿದ್ದೆ."

"ಅಳತೆ?"

"ನಿಮ್ಮ ಫ್ರಿಜ್ಜಿನ ಬಾಗಿಲಿಗೆ ಹೊಸ ಏಸಿ ಚಿತ್ರ ಅಂಟಿಸಿದೀರಲ್ಲ ಮೇಷ್ಟ್ರೇ. ಕಾಫಿ ಕುಡೀತಾ ದಿನಾ ನೋಡ್ತೀನಿ."

ಮೇಷ್ಟ್ರು ಮನೆಗೆ ಬಂದರು. ಮೂಲೆಯಲ್ಲಿ ಹೂವಿನ ಚಾದರ ಸರಿದಿತ್ತು. ಅತ್ತೆ ಹಳೆಯ ಏಸಿಯ ಮುಂದೆ ಮೊಣಕಾಲೂರಿ, ಮುಂಭಾಗದ ಜಾಲರಿ ಬಿಚ್ಚಿ, ಹೇರ್‌ಪಿನ್ನಿನಿಂದ ಒಂದು ವೈರನ್ನು ಅದರ ಜಾಗಕ್ಕೆ ಒತ್ತುತ್ತಿದ್ದರು. ಅಳಿಯನನ್ನು ಕಂಡು ಗಾಬರಿಯಾಗಲಿಲ್ಲ.

"ನಮ್ಮೆಜಮಾನ್ರು ಹೇಳಿಕೊಟ್ಟಿದ್ದು," ಎಂದರು. "ಇದನ್ನ ಕಳಚಿದ್ರೆ ಸತ್ತ ಹಾಗೆ, ಸಿಕ್ಕಿಸಿದ್ರೆ ಜೀವ."

"ಅತ್ತೇ, ಬಾಯಿಬಿಟ್ಟು ಕೇಳಿದ್ರೆ ನಾನು ಬೇಡ ಅಂತಿದ್ನಾ?"

"ಅಂತಿದ್ರಿ. ಭೂಮಿ ಬಿಸಿಯಾಗೋದರ ಬಗ್ಗೆ ಪಾಠಾನೂ ಮಾಡ್ತಿದ್ರಿ." ಅತ್ತೆ ಏಸಿಯ ಬೆನ್ನು ತಟ್ಟಿದರು. "ನಲವತ್ತು ವರ್ಷ ಅವರ ಗೊರಕೆ ಕೇಳ್ಕೊಂಡು ಮಲಗಿದವಳು ನಾನು. ಅವರು ಹೋದ ಮೇಲೆ ಥೇಟ್ ಹಾಗೇ ಗೊರಕೆ ಹೊಡೆಯೋದು ಇದೊಂದೇ. ಇದು ಕೆಟ್ಟ ದಿನ ನಾನೇ ಆ ಹುಡುಗೀನ ಕರೆಸ್ತೀನಿ. ಗ್ಯಾಸೂ ಗೀಸೂ ಎಲ್ಲ ನಿಮ್ಮ ಇಷ್ಟದ ಹಾಗೇ ತೆಗೀಲಿ. ಸತ್ಯವಾಗ್ಲೂ."

ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ. ಮುರಿದದ್ದು ದೋನ್ ರೆಮಿಹಿಯೊನ ಸೊಂಟ, ಹೋದದ್ದು ಮೇಷ್ಟ್ರ ಒಲೆ. ಅವರಿಗೆ ಸಿಟ್ಟು ಬರಬೇಕಿತ್ತು. ಅತ್ತೆಯ ಮುಖ ನೋಡಿದರೆ ಬರಲಿಲ್ಲ. ತಿಣುಕುತ್ತಾ ಇಬ್ಬರೂ ಸೇರಿ ಮಾವನ ಏಸಿಯನ್ನು ಕಿಟಕಿಗೇರಿಸಿದರು. ಗುಂಡಿ ತಿರುಗಿಸಿದ್ದೇ ಅದು ಇಡೀ ಬೀದಿಗೆ ಕೇಳುವಂತೆ ಗೊರೆಯಿತು. ಅತ್ತೆ ಮಂಚದ ಮೇಲೆ ಕಾಲು ಚಾಚಿದರು, ಮರುಕ್ಷಣವೇ ನಿದ್ದೆ.

ಮಧ್ಯಾಹ್ನ ತೂಲಾ ಬಂದು ಬೀಗದ ಕೈ ಕೊಟ್ಟರು. ಅವರಿಗೂ ಮನಸ್ಸು ಚುಚ್ಚಿತ್ತೋ ಏನೋ. "ನಾನು ಇಲ್ಲೇ ಬೆನಿಗ್ನಾ ಹತ್ರ ಕೂತಿರ್ತೀನಿ. ನೀವು ನಮ್ಮನೇಲಿ ಹೋಗಿ ಮಲಗಿ ಮೇಷ್ಟ್ರೇ. ದಿನಾ ಬೇಕಾದ್ರೂ ಬನ್ನಿ. ಸದ್ದು ಅಂದ್ರೆ ಸದ್ದೇ ಇಲ್ಲ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ದಿಂಬು ಕಂಕುಳಲ್ಲಿಟ್ಟುಕೊಂಡು ಹೋಗಿ, ಹೊಸ ಏಸಿಯ ಕೆಳಗೆ ಮೈ ಚೆಲ್ಲಿದರು. ಕೋಣೆ ಮಡಕೆಯ ನೀರಿನಂತೆ ತಣ್ಣಗಿತ್ತು. ಸದ್ದಿಲ್ಲ. ಎಂಟು ವರ್ಷ ಬೇಡಿದ ಭಾಗ್ಯ.

ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಹಲ್ಲಿ ಲೊಚಗುಟ್ಟಿದ್ದು ಕೇಳಿಸಿತು. ತಮ್ಮ ಎದೆಬಡಿತ ಕೇಳಿಸಿ, ಇದು ಸರಿಯಾಗಿದೆಯೋ ಇಲ್ಲವೋ ಎಂದು ಎಣಿಸತೊಡಗಿದರು. ಎಡಕ್ಕೆ ಹೊರಳಿದರು, ಬಲಕ್ಕೆ ಹೊರಳಿದರು. ದಿಂಬನ್ನು ಕಿವಿಯ ಮೇಲಿಟ್ಟರು, ತೆಗೆದರು. ಕಣ್ಣು ಮುಚ್ಚಿದರೆ ತಲೆಯೊಳಗೆ ಏನೋ ಕಳೆದುಹೋದ ಹಾಗೆ.

ಕೊನೆಗೆ ಎದ್ದರು. ಕರೆಂಟು ಪೋಲಾಗುತ್ತದೆ, ಭೂಮಿ ಬಿಸಿಯಾಗುತ್ತದೆ, ಎಲ್ಲ ಗೊತ್ತಿತ್ತು. ಆದರೂ ಬೀದಿ ಕಡೆಯ ಬಾಗಿಲನ್ನು ಒಂದು ಗೇಣು ತೆರೆದರು. ಸುಡುಗಾಳಿಯ ಜೊತೆಗೆ ಎದುರುಮನೆಯಿಂದ ಮಾವನ ಗೊರಕೆ ಒಳಗೆ ಬಂತು. ಮೇಷ್ಟ್ರು ಗೋಡೆ ಕಡೆ ತಿರುಗಿ ನಿದ್ದೆ ಹೋದರು.